ಹಾಸುಗಿವಿಯವನೂ ಬಾವಿ ತೋಡುವವನೂ

"ಗುರುಗಳೇ, ಪುರಾಣಗಳಲ್ಲಿ ಮನುಷ್ಯರಂತಿದ್ದೂ ಮನುಷ್ಯರಲ್ಲದವರು ಎಷ್ಟೊಂದು ಜನ ಬರುತ್ತಾರೆ," ಎಂದು ಶಿಷ್ಯ ಕೇಳಿದ. "ಒಂಟಿಗಾಲಿನವರು, ಕುದುರೆಮುಖದವರು, ಎದೆಯಲ್ಲಿ ಕಣ್ಣುಳ್ಳವರು. ಮಿಕ್ಕ ಮೈಯೆಲ್ಲ ನಮ್ಮಂತೆಯೇ ಇದೆ, ಮಾತೂ ಬರುತ್ತದೆ. ಆದರೆ ಅವರಲ್ಲಿ ಒಬ್ಬ ನಿಧಿ ಕಾಯಬೇಕು, ಒಬ್ಬ ದಾರಿ ತಪ್ಪಿಸಬೇಕು, ಒಬ್ಬ ಮಕ್ಕಳನ್ನು ಹೊತ್ತೊಯ್ಯಬೇಕು. ಕೊನೆಗೆ ಯಾವನೋ ವೀರ ಬಂದು ಅವರನ್ನು ಕೊಲ್ಲಬೇಕು. ಈ ಕೆಲಸಗಳನ್ನೆಲ್ಲ ಅವರಿಗೆ ಹಂಚಿಕೊಟ್ಟವರು ಯಾರು?"

ಶಿಷ್ಯ ಬುದ್ಧಿವಂತ. ಕೇಳಿ ಮುಗಿಸಿ, ಸುತ್ತ ಕೂತವರ ಮುಖವನ್ನೊಮ್ಮೆ ನೋಡಿದ. ಗುರು ಅದನ್ನೂ ಗಮನಿಸಿದರು. "ಬ್ರಹ್ಮ ಹಂಚಿದ ಎಂದರೆ ನಿನಗೆ ಸಮಾಧಾನವಾಗುವುದಿಲ್ಲ. ಆಗಲೂ ಬಾರದು. ಕೂತುಕೋ," ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಬಾವಿ ತೋಡುವವನೊಬ್ಬನಿದ್ದ. ಅವನೂ ಅವನ ಅಣ್ಣನೂ ಜೋಡಿಯಾಗಿ ಕೆಲಸ ಮಾಡುತ್ತಿದ್ದರು. ಅಣ್ಣ ಕೆಳಗಿಳಿದು ಅಗೆಯುತ್ತಿದ್ದ, ತಮ್ಮ ಮೇಲೆ ನಿಂತು ರಾಟೆಯ ಹಗ್ಗದಲ್ಲಿ ಮಣ್ಣಿನ ಬುಟ್ಟಿ ಎಳೆಯುತ್ತಿದ್ದ. ಆ ಕಸುಬಿನಲ್ಲಿ ಕೆಳಗಿರುವವನ ಜೀವ ಮೇಲಿರುವವನ ಕೈಯಲ್ಲಿ. ಅದಕ್ಕೇ ಅವರಲ್ಲಿ ಅಣ್ಣತಮ್ಮಂದಿರೇ ಜೋಡಿಯಾಗುತ್ತಿದ್ದರು, ಹೊರಗಿನವರ ಕೈಗೆ ಹಗ್ಗ ಕೊಡುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಅಣ್ಣ ನಾಲ್ಕು ಜನರ ಎದುರು ತಮ್ಮನಿಗೆ ಬೈದ. ಬುಟ್ಟಿ ಎಳೆಯುವುದಕ್ಕೆ ಕೈ ಏಳುವುದಿಲ್ಲ, ತಟ್ಟೆಯ ಮುಂದೆ ಕೂತರೆ ಮಾತ್ರ ಕೈ ಚುರುಕು ಎಂದ. ಜನ ನಕ್ಕರು. ನಡೆದದ್ದು ಅಷ್ಟೇ. ಮಧ್ಯಾಹ್ನ ಅಣ್ಣ ಕೆಳಗಿನಿಂದ "ಹಗ್ಗ ಎಳಿಯೋ" ಎಂದು ಕೂಗಿದ. ತಮ್ಮನಿಗೆ ಕೇಳಿಸಿತು. ಬೆಳಗಿನ ಉರಿ ಅವನ ಹೊಟ್ಟೆಯಲ್ಲಿ ಇನ್ನೂ ಆರಿರಲಿಲ್ಲ. ಮೂರು ಸಲ ಕೂಗಲಿ, ಆಮೇಲೆ ನೋಡೋಣ ಎಂದು ಬೆನ್ನು ತಿರುಗಿಸಿ ಕೂತ. ಅಣ್ಣ ಇನ್ನೊಮ್ಮೆ ಕೂಗಿದ. ಮೂರನೆಯ ಕೂಗು ಬರಲಿಲ್ಲ. ಗೋಡೆ ಕುಸಿದು ಅಣ್ಣ ಬಾವಿಯಲ್ಲೇ ಹೂತುಹೋದ.

"ಅವನು ಕೂಗಲೇ ಇಲ್ಲ. ಕೂಗಿದ್ದರೆ ನಾನು ಬಿಡ್ತಿದ್ನಾ?" ಎಂದು ತಮ್ಮ ಊರಿನವರ ಮುಂದೆ ಎದೆ ಬಡಿದುಕೊಂಡು ಅತ್ತ. ಅಳು ಸುಳ್ಳಾಗಿರಲಿಲ್ಲ, ಮಾತು ಸುಳ್ಳಾಗಿತ್ತು. ಊರು ಅಳುವನ್ನು ನೋಡಿ ಮಾತನ್ನು ನಂಬಿತು. ಅತ್ತಿಗೆ ಏನೂ ಕೇಳಲಿಲ್ಲ.

ಅತ್ತಿಗೆಗೆ ಬೇರೆ ದಿಕ್ಕಿರಲಿಲ್ಲ. ಅವನು ತಾನು ಮದುವೆಯಾಗದೆ ಅವಳನ್ನು ತಾಯಿಯಂತೆ ನೋಡಿಕೊಂಡ. ಮೈದುನನೆಂದರೆ ಇಂಥವನಿರಬೇಕು ಎಂದು ಊರು ಕೊಂಡಾಡಿತು. ಅವರು ಹೊಗಳಿದಷ್ಟೂ ಅವನಿಗೆ ಮೈಮೇಲೆ ಕೆಂಡ ಸುರಿದಂತಾಗುತ್ತಿತ್ತು. ಅವಳು ಬಡಿಸುವಾಗ ತಲೆಯೆತ್ತಿ ಅವಳ ಮುಖ ನೋಡಲಾರ. ಅವನಿಗೆ ಉಳಿದಿದ್ದದ್ದು ಒಂದೇ ಭಯ. ಸಾವು ಬೇಕಾದರೆ ಬರಲಿ, ಅತ್ತಿಗೆಗೆ ಮಾತ್ರ ಈ ವಿಷಯ ತಿಳಿಯಬಾರದು.

ಈಗ ಕೆಳಗಿಳಿಯಬೇಕಾದವನು ಅವನೇ. ಮೇಲೆ ನಿಲ್ಲುವವರು ಬೇಕಿತ್ತು. ಊರಿನ ಒಬ್ಬಿಬ್ಬರು ತಾವಾಗಿ ಮುಂದೆ ಬಂದರೂ ಅವರ ಕೈಗೆ ಹಗ್ಗ ಕೊಡಲು ಅವನಿಗೆ ಧೈರ್ಯ ಸಾಲಲಿಲ್ಲ. ಹಗ್ಗ ಹಿಡಿದವನು ಏನು ಮಾಡಬಲ್ಲನೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ವರ್ಷ ಗುದ್ದಲಿ ಮೂಲೆ ಸೇರಿತು.

ಆಗ ಬೆಟ್ಟದ ಆಚೆಯಿಂದ ಹಾಸುಗಿವಿಯವನೊಬ್ಬ ಬಂದ. ಹಾಸುಗಿವಿಯವರೆಂದರೆ ಒಂದು ಕಿವಿಯನ್ನು ಹಾಸಿಕೊಂಡು ಇನ್ನೊಂದನ್ನು ಹೊದ್ದು ಮಲಗುವವರು. ನಗಬೇಡ. ಕಿವಿಯೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ನಿನ್ನ ಹಾಗೆಯೇ. ಹಸಿವಾಗುತ್ತದೆ, ಚಳಿಯಾಗುತ್ತದೆ, ನಕ್ಕರೆ ಅವಮಾನವಾಗುತ್ತದೆ. ನೆಲದೊಳಗೆ ನೀರು ಹರಿಯುವುದು ಅವರಿಗೆ ಕೇಳಿಸುತ್ತದೆ, ಮಣ್ಣು ಸಡಿಲವಾಗುವುದೂ ಕೇಳಿಸುತ್ತದೆ. ಇನ್ನೊಂದು ವಿಷಯ, ಅವರು ಕೊಟ್ಟ ಮಾತು ಮುರಿಯುವುದಿಲ್ಲ. ಅಷ್ಟು ದೊಡ್ಡ ಕಿವಿಯಿದ್ದರೆ ತಾನಾಡಿದ ಮಾತು ತನಗೇ ಬಹಳ ಕಾಲ ಕೇಳಿಸುತ್ತಿರುತ್ತದೆಯಂತೆ.

ಬಾವಿ ತೋಡುವವನು ಅವನನ್ನು ಜೊತೆಗೆ ಸೇರಿಸಿಕೊಂಡ. ಮನುಷ್ಯರ ಮೇಲೆ ಬಾರದ ನಂಬಿಕೆ ಮನುಷ್ಯನಲ್ಲದವನ ಮೇಲೆ ಬಂತು. ಹಾಸುಗಿವಿಯವನು ಮೊದಲು ನೆಲಕ್ಕೆ ಕಿವಿ ಹಾಸಿ, ನೀರು ಎಲ್ಲಿದೆ, ಎಷ್ಟು ಮಾರು ಆಳದಲ್ಲಿದೆ ಎಂದು ಹೇಳುತ್ತಿದ್ದ. ಕೆಲಸ ಶುರುವಾದ ಮೇಲೆ ಬಾವಿಯ ಅಂಚಿನಲ್ಲಿ ಮಲಗಿ ಆಲಿಸುತ್ತಿದ್ದ. ಬುಟ್ಟಿ ತುಂಬಿದಾಗ ಎದ್ದು ಎಳೆದು, ಮತ್ತೆ ಬಂದು ಮಲಗುತ್ತಿದ್ದ. ಮಣ್ಣು ಮಿಸುಕಿದ ಸದ್ದು ಕೇಳಿದರೆ ಕಲ್ಲಿನ ಮೇಲೆ ಕಲ್ಲಿನಿಂದ ಎರಡು ಸಲ ಬಡಿಯಬೇಕು. ಎರಡು ಬಡಿತಕ್ಕೆ ಒಂದೇ ಅರ್ಥ, ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಬದುಕಿಕೋ ಎಂದು. ಏಳು ವರ್ಷದಲ್ಲಿ ಹಾಗೆ ಐದು ಸಲ ಬಡಿದ. ಐದು ಸಲವೂ ಬಾವಿ ತೋಡುವವನು ಮೇಲೆ ಬಂದು ಕಾಲೂರುವಷ್ಟರಲ್ಲಿ ಗೋಡೆ ಕುಸಿದಿತ್ತು.

ಊರಿನಲ್ಲಿ ಅಲ್ಲಿಯವರೆಗೆ ಉಪ್ಪುನೀರು ಕುಡಿಯುತ್ತಿದ್ದರು. ಏಳು ವರ್ಷದಲ್ಲಿ ಬೀದಿಗೊಂದು ಸಿಹಿನೀರಿನ ಬಾವಿಯಾಯಿತು. ನೀರು ಸಿಗುವವರೆಗೆ ಯಾರಿಗೂ ಆ ಕಿವಿಗಳು ಅಸಹ್ಯವೆನಿಸಿರಲಿಲ್ಲ. ನೀರು ಸಿಕ್ಕಿ ಕೈತುಂಬ ಬಿಡುವಾದ ಮೇಲೆ ಕಿವಿಗಳ ಮೇಲೆ ಕಣ್ಣು ಬಿತ್ತು. ನೆಲದಡಿಯ ನೀರೇ ಕೇಳಿಸುವವನಿಗೆ ಗೋಡೆಯಾಚೆಯ ಮಾತು ಕೇಳಿಸುವುದಿಲ್ಲವೇ?

ಅಷ್ಟರಲ್ಲಿ ಒಬ್ಬ ವ್ಯಾಪಾರಿಯ ಮನೆಯ ಗುಟ್ಟು ಬೀದಿಗೆ ಬಂತು. ತಂದವಳು ವ್ಯಾಪಾರಿಯ ಒಡಹುಟ್ಟಿದ ಅಕ್ಕ. ಎಲ್ಲರಿಗೂ ಗೊತ್ತಿತ್ತು. ಆದರೆ ಹಬ್ಬಹರಿದಿನಕ್ಕೆ ಮುಖ ನೋಡಬೇಕಾದ ಅಕ್ಕನನ್ನು ಹಾಗೆನ್ನಲಾದೀತೇ? ಊರಿನಲ್ಲಿ ಬೇರೆ ಕಿವಿಗಳಿದ್ದವಲ್ಲ. ಊರ ಯಜಮಾನ ಪಂಚಾಯಿತಿ ಸೇರಿಸಿ ಒಂದು ಕಟ್ಟಳೆ ಮಾಡಿದ. ಹಾಸುಗಿವಿಯವನು ಊರೊಳಗೆ ಎರಡೂ ಕಿವಿಗೆ ಜೇನುಮೇಣ ತುಂಬಿಕೊಂಡಿರಬೇಕು. ಬೆಳಿಗ್ಗೆ ಬಾವಿಯ ಬಳಿ ಅದನ್ನು ತೆಗೆಯುವುದೂ ಸಂಜೆ ಮತ್ತೆ ತುಂಬುವುದೂ ಬಾವಿ ತೋಡುವವನ ಕೈಯಿಂದಲೇ ಆಗಬೇಕು. ತಾನಾಗಿ ಮೇಣ ಮುಟ್ಟುವುದಿಲ್ಲ ಎಂದು ಹಾಸುಗಿವಿಯವನು ಮಾತು ಕೊಡಬೇಕು.

ಬಾವಿ ತೋಡುವವನು ಆ ಸಭೆಯಲ್ಲಿದ್ದ. ಐದು ಸಲ ಉಳಿದ ಜೀವ ಅದು, ಒಂದು ಮಾತು ಆಡಬಹುದಿತ್ತು. ಅವನು ಕಾಲ ಹೆಬ್ಬೆರಳನ್ನು ನೋಡುತ್ತ ಕೂತ. ಹಾಸುಗಿವಿಯವನು ಅವನ ಕಡೆ ಒಮ್ಮೆ ನೋಡಿ, ಮಾತು ಕೊಟ್ಟ.

ಮನೆಗೆ ಹೋಗುವ ದಾರಿಯಲ್ಲಿ ಬಾವಿ ತೋಡುವವನಿಗೆ ನಾಚಿಕೆಯಾಯಿತು. "ಯಾಕೆ ಒಪ್ಕೊಂಡೆ? ಬೆಟ್ಟಕ್ಕೆ ಹೊರಟು ಹೋಗಬಹುದಿತ್ತಲ್ಲ," ಎಂದ. ಹಾಸುಗಿವಿಯವನು, "ನೀನು ಕೆಳಗಿಳೀತೀಯಲ್ಲ. ಮೇಲೆ ಒಬ್ಬರು ಬೇಕಲ್ಲ," ಎಂದ. ಮರುದಿನ ಬಾವಿ ತೋಡುವವನು ಬಿಸಿ ಮೇಣವನ್ನು ಆರಿಸಿ, ಉಂಡೆ ಮಾಡಿ, ತನ್ನ ಕೈಯಿಂದಲೇ ತುಂಬಿದ.

ಇನ್ನು ಅವನ ಒಂದು ಅಭ್ಯಾಸವನ್ನು ಹೇಳಬೇಕು. ಎದೆಯಲ್ಲಿ ಅಂಥ ಮಾತಿಟ್ಟುಕೊಂಡವನು ಎಲ್ಲಾದರೂ ಅದನ್ನು ಆಡಲೇಬೇಕು. ಅವನು ಬಾವಿಯ ತಳದಲ್ಲಿ ಆಡುತ್ತಿದ್ದ. ಹತ್ತು ಮಾರು ಕೆಳಗೆ, ಮಣ್ಣಿನ ಗೋಡೆಗೆ ಹಣೆ ಹಚ್ಚಿ, "ನಂಗೆ ಕೇಳಿಸಿತ್ತು ಕಣಣ್ಣಾ, ಎರಡು ಸಲವೂ ಕೇಳಿಸಿತ್ತು," ಎನ್ನುತ್ತಿದ್ದ. ಜೋರಾಗಿ ಅಲ್ಲ, ತುಟಿಯಲ್ಲಿ. ಬೆಳಗಿನ ಬೈಗುಳದಿಂದ ಹಿಡಿದು ಬೆನ್ನು ತಿರುಗಿಸಿ ಕೂತದ್ದರವರೆಗೆ ಎಲ್ಲವನ್ನೂ ಹೇಳಿ, ಒಂದಿಷ್ಟು ಅತ್ತು, ಮುಖ ಒರೆಸಿಕೊಂಡು ಗುದ್ದಲಿ ಎತ್ತುತ್ತಿದ್ದ. ಏಳು ವರ್ಷ ಹಾಗೆ ನಡೆಯಿತು. ಅಷ್ಟು ಆಳದಿಂದ ಮಾತು ಮೇಲೆ ಬರುವುದಿಲ್ಲವೆಂದು ಅವನ ನಂಬಿಕೆ. ಬಾವಿಯ ಅಂಚಿನಲ್ಲಿ ಯಾರ ಕಿವಿ ಹಾಸಿದೆ ಎಂಬುದು ಮಾತ್ರ ಅವನಿಗೆ ಹೊಳೆಯಲೇ ಇಲ್ಲ. ಅವನಿಗೆ ಆ ಕಿವಿ ಒಂದು ಹತಾರವಾಗಿತ್ತು, ಗುದ್ದಲಿ ಹಾರೆಗಳ ಹಾಗೆ. ಗುದ್ದಲಿಗೆ ನಮ್ಮ ಗುಟ್ಟು ತಿಳಿದೀತು ಎಂದು ಯಾರಾದರೂ ಅಂಜುತ್ತಾರೆಯೇ?

ಒಂದು ಬೇಸಗೆಯ ದಿನ ಅವನು ತಳದಲ್ಲಿ ಕೂತು, "ಗಂಟಲು ಒಣಗ್ತಿದೆ," ಎಂದು ತನ್ನಷ್ಟಕ್ಕೆ ಗೊಣಗಿಕೊಂಡ. ಸ್ವಲ್ಪ ಹೊತ್ತಿಗೆ ಹಗ್ಗದಲ್ಲಿ ನೀರಿನ ತಂಬಿಗೆ ಇಳಿದು ಬಂತು. ಅವನು ತಂಬಿಗೆಯೆತ್ತಿ ಗಟಗಟನೆ ಕುಡಿದ. ಅರ್ಧ ಕುಡಿದಾಗ ಅವನ ಕೈ ನಿಂತಿತು. ತಾನು ನೀರು ಕೇಳಿರಲಿಲ್ಲವಲ್ಲ.

ಅವನು ತಂಬಿಗೆ ಅಲ್ಲೇ ಬಿಟ್ಟು ಮೇಲೆ ಹತ್ತಿ ಬಂದ. "ನಾನು ಕೆಳಗೆ ಆಡಿದ್ದು ನಿನಗೆ ಕೇಳಿಸುತ್ತಾ?" ಎಂದ.

"ಕೇಳಿಸುತ್ತೆ."

"ಎಲ್ಲಾನೂ?"

"ಎಲ್ಲಾನೂ. ಮೊದಲ ಬಾವಿಯಿಂದ," ಎಂದ ಹಾಸುಗಿವಿಯವನು. ಅವನ ಮುಖ ನೋಡಿ, "ಅಂಜಬೇಡ. ಮಣ್ಣಿನ ಮಾತು ನಿನಗೆ ಹೇಳೋದು ನನ್ನ ಕೆಲಸ. ನಿನ್ನ ಮಾತು ಇನ್ನೊಬ್ಬರಿಗೆ ಹೇಳೋದಲ್ಲ," ಎಂದು ಸೇರಿಸಿದ.

ಅದು ಮಾತು ಕೊಟ್ಟ ಹಾಗೆಯೇ. ಆ ಜಾತಿಯವರು ಮಾತು ಮುರಿಯುವುದಿಲ್ಲವೆಂದು ಬಾವಿ ತೋಡುವವನಿಗೆ ಗೊತ್ತಿತ್ತು. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಏಳು ವರ್ಷದಿಂದ ಈತ ಎಲ್ಲವನ್ನೂ ಬಲ್ಲ. ಬಲ್ಲವನಾಗಿಯೂ ಹಗ್ಗ ಹಿಡಿದ, ಐದು ಸಲ ಕಲ್ಲು ಬಡಿದ. ಹಗ್ಗ ಬಿಟ್ಟವನಿಗಾಗಿ ಹಗ್ಗ ಹಿಡಿದು ನಿಂತ. ಅದೇ ಅವನಿಗೆ ಸಹಿಸಲಾಗಲಿಲ್ಲ. ಬೈದಿದ್ದರೆ, ಹೆದರಿಸಿದ್ದರೆ ಬೇಕಾಗಿತ್ತು. ಸಂಜೆ ಮೇಣ ತುಂಬುವಾಗ ಅವನ ಬೆರಳು ಎಂದಿಗಿಂತ ಒರಟಾಗಿ ಒತ್ತಿತು.

ಅದಾದ ಕೆಲವು ದಿನಕ್ಕೆ ಅವನು ಮನೆಗೆ ಬಂದಾಗ ಅತ್ತಿಗೆ ಜಗಲಿಯಲ್ಲಿ ಹಾಸುಗಿವಿಯವನ ಪಕ್ಕದಲ್ಲಿ ಕೂತಿದ್ದಳು. ಮೇಣ ತಿಕ್ಕಿ ಅವನ ಕಿವಿಯ ಅಂಚು ಹುಣ್ಣಾಗಿತ್ತು. ಅವಳು ಬಟ್ಟಲಿನಿಂದ ಹರಳೆಣ್ಣೆ ತೆಗೆದು ಹಚ್ಚುತ್ತ ಏನೋ ಹೇಳಿಕೊಳ್ಳುತ್ತಿದ್ದಳು. ಮಗುವಿಗೆ ಹೇಳಿದ ಹಾಗೆ, ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಹೇಳುತ್ತಿದ್ದಳು. ಹಾಸುಗಿವಿಯವನು ಕಣ್ಣು ಮುಚ್ಚಿ ಕೂತಿದ್ದ. ಬಾವಿ ತೋಡುವವನು ಅಂಗಳದಲ್ಲೇ ನಿಂತ. ಕೇಳುವುದಕ್ಕೆ ಮೇಣ ಅಡ್ಡವಿದೆ, ಸರಿ. ಹೇಳುವುದಕ್ಕೆ ಏನು ಅಡ್ಡಿಯಿದೆ?

"ಬಂದೆಯಾ? ಕೈಕಾಲು ತೊಳಕೋ, ಬಡಿಸ್ತೀನಿ," ಎಂದಳು ಅತ್ತಿಗೆ. ಎಂದಿನ ಮಾತೇ. ಆದರೆ ಆ ಮಾತಿನಲ್ಲೂ ಅವನು ಏನನ್ನೋ ಹುಡುಕಿದ.

ಆಮೇಲೆ ಅವನು ತಳದಲ್ಲಿ ಬಾಯಿ ಬಿಡಲಿಲ್ಲ. ಹಲ್ಲು ಕಚ್ಚಿ ಅಗೆದ. ಒಂದು ವಾರವಾಯಿತು, ಎರಡು ವಾರವಾಯಿತು. ಮಾತು ಎದೆಯಲ್ಲಿ ಕಟ್ಟಿ ಉಸಿರಾಡುವುದೇ ಕಷ್ಟವಾಯಿತು. ಅಣ್ಣನೊಡನೆ ಮಾತಾಡಲು ಅವನಿಗಿದ್ದ ಜಾಗ ಅದೊಂದೇ, ಅದೂ ಹೋಯಿತು. ಹಾಳು ಕಿವಿಗಳಿಂದಾಗಿ ಹೋಯಿತು ಎಂದುಕೊಂಡ. ಅಲ್ಲಿಯವರೆಗೆ ಊರಿನವರು ಆ ಕಿವಿಗಳನ್ನು ಶಪಿಸುತ್ತಿದ್ದರು, ಈಗ ಅವನೂ ಜೊತೆಗೂಡಿದ.

ಆಗ ಊರ ಯಜಮಾನನ ಹೊಲದ ಅಂಚಿನಲ್ಲಿ ಬಾವಿಯ ಕೆಲಸ ನಡೆದಿತ್ತು. ಕೆಮ್ಮಣ್ಣು, ಗುದ್ದಲಿ ಪುಟಿಯುವಷ್ಟು ಗಟ್ಟಿ. ಒಂದು ಬೆಳಿಗ್ಗೆ ಹಾಸುಗಿವಿಯವನು ಎಂದಿನಂತೆ ಮೇಣ ತೆಗೆಸಿಕೊಳ್ಳಲು ಅವನ ಮುಂದೆ ತಲೆ ಬಗ್ಗಿಸಿದ. ಬಾವಿ ತೋಡುವವನ ಕೈ ಮುಂದೆ ಹೋಗಿ ಕಿವಿಯ ಹತ್ತಿರ ನಿಂತಿತು. ಆಮೇಲೆ ಭುಜದ ಮೇಲೆ ಇಳಿಯಿತು. ನೆಲವನ್ನು ಕಾಲಿನಿಂದ ಒದ್ದು ತೋರಿಸಿ, ಇಷ್ಟು ಗಟ್ಟಿಯಿದೆ, ಇವತ್ತು ಬೇಡ ಎಂದು ಕೈಸನ್ನೆ ಮಾಡಿದ. ಹಾಸುಗಿವಿಯವನು ತನ್ನ ಕಿವಿಯತ್ತ ಬೆರಳು ತೋರಿಸಿದ. ಬಾವಿ ತೋಡುವವನು ಇಲ್ಲವೆಂದು ತಲೆಯಾಡಿಸಿ ಹಗ್ಗ ಹಿಡಿದು ಇಳಿದ. ಇವತ್ತೊಂದು ದಿನ, ಒಂದೇ ಒಂದು ದಿನ ಎಂದು ತನಗೆ ತಾನೇ ಹೇಳಿಕೊಂಡ.

ತಳ ಮುಟ್ಟಿದೊಡನೆ ಬಾಯಿ ಬಿಟ್ಟ. ಈ ಸಲ ತುಟಿಯಲ್ಲಲ್ಲ, ಗಂಟಲು ಬಿಚ್ಚಿ ಆಡಿದ. ಅಣ್ಣಾ ಎಂದು ಕರೆದ, ಎಲ್ಲ ಹೇಳಿದ, ಗೋಡೆಯನ್ನು ತಬ್ಬಿಕೊಂಡು ಅತ್ತ. ಎಷ್ಟೋ ದಿನಗಳ ಮೇಲೆ ಎದೆ ಹಗುರವಾಯಿತು. ಕೆಮ್ಮಣ್ಣಿನ ಹಿಂದೆ ಒಂದು ಕಡೆ ಉಸುಕಿನ ಪದರವಿತ್ತು. ಅದು ಜಾರತೊಡಗಿದ್ದು ಅವನ ಅಳುವಿನಲ್ಲಿ ಅವನಿಗೇ ಕೇಳಿಸಲಿಲ್ಲ.

ಮೊಣಕಾಲಿನವರೆಗೆ ಉಸುಕು ಬಂದಾಗ ಅವನು "ಹಗ್ಗ ಎಳಿಯೋ" ಎಂದು ಕೂಗಿದ. ಇನ್ನೊಮ್ಮೆ ಕೂಗಿದ. ಮೇಲಿರುವವನ ಕಿವಿಯಲ್ಲಿ ಮೇಣವಿದೆ ಎಂಬುದು ಆಗ ನೆನಪಾಯಿತು.

ಮೇಲೆ ಹಾಸುಗಿವಿಯವನು ಅಂಗೈಗಳನ್ನು ನೆಲಕ್ಕೂರಿ ಕೂತಿದ್ದ. ಕಿವಿಯಿಲ್ಲದ ದಿನ ಅವನಿಗೆ ಕೈಯೇ ಕಿವಿ. ಅಂಗೈಗೆ ನಡುಕ ತಾಗಿದ್ದೇ ತಡ, ಕಲ್ಲು ಬಡಿಯುವುದಕ್ಕೂ ನಿಲ್ಲದೆ ಹಗ್ಗ ಹಿಡಿದು ಜಾರಿ ಇಳಿದ. ಆಗಲೂ ಅವನು ಮೇಣಕ್ಕೆ ಕೈ ಹಚ್ಚಲಿಲ್ಲ, ಮಾತು ಕೊಟ್ಟಿದ್ದನಲ್ಲ. ಉಸುಕಿನಿಂದ ಬಾವಿ ತೋಡುವವನ ಕಾಲು ಕಿತ್ತು, ಬೀಳುತ್ತಿದ್ದ ಗೋಡೆಗೆ ತನ್ನ ಬೆನ್ನು ಕೊಟ್ಟು ನಿಂತ. ಭುಜ ತೋರಿಸಿದ. ಬಾವಿ ತೋಡುವವನು ಆ ಭುಜ ತುಳಿದು, ತಲೆ ತುಳಿದು, ಹಗ್ಗ ಹಿಡಿದು ಮೇಲೆ ಬಂದ. ಅಂಚಿನಲ್ಲಿ ಬೋರಲು ಬಿದ್ದು ತಿರುಗಿ ನೋಡುವಷ್ಟರಲ್ಲಿ ಗೋಡೆ ಕುಸಿದು ಬಾವಿ ಅರ್ಧ ತುಂಬಿತ್ತು.

ಸದ್ದಿಗೆ ಹೊಲದಲ್ಲಿದ್ದವರು ಓಡಿ ಬಂದರು. ಊರಿನಿಂದಲೂ ಬಂದರು. ಅತ್ತಿಗೆಯೂ ಬಂದಳು. ಬಾವಿಯ ಸುತ್ತ ಮೂವತ್ತು ಜನ ಸೇರಿದರು. ಯಜಮಾನ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಆ ಪ್ರಾಣಿ ಯಾಕಪ್ಪಾ ಕಲ್ಲು ಬಡೀಲಿಲ್ಲ? ಅದಕ್ಕೆ ಕೇಳಿಸಲಿಲ್ಲವೇ?" ಎಂದು ಕೇಳಿದ.

ಹೇಳಬೇಕಾದದ್ದು ಒಂದೇ ಮಾತು. ಮೇಣ ನಾನು ತೆಗೆಯಲಿಲ್ಲ ಎಂದರೆ ಸಾಕು. ಆದರೆ ಯಾಕೆ ತೆಗೆಯಲಿಲ್ಲ ಎಂದು ಕೇಳುತ್ತಾರೆ. ಅದು ಕೇಳಬಾರದ್ದು ನಿನ್ನಲ್ಲೇನಿದೆ ಎನ್ನುತ್ತಾರೆ. ಯಜಮಾನನ ಹೆಗಲ ಮೇಲಿಂದ ಅತ್ತಿಗೆ ಅವನನ್ನೇ ನೋಡುತ್ತಿದ್ದಳು.

"ಕೇಳಿಸಿತ್ತು," ಎಂದ. "ಎರಡು ಸಲ ಕೂಗಿದೆ. ಎರಡು ಸಲವೂ ಕೇಳಿಸಿತ್ತು. ಕೇಳಿಸಿಯೂ ಬೆನ್ನು ತಿರುಗಿಸಿ ಕೂತಿತ್ತು."

ಮಾತಿಗಾಗಿ ಅವನು ತಡಕಾಡಬೇಕಾಗಲಿಲ್ಲ. ಅಷ್ಟು ವರ್ಷ ಬಾಯಿಪಾಠವಾದದ್ದು ಸಲೀಸಾಗಿ ಬಂತು, ಆಳು ಮಾತ್ರ ಬೇರೆಯಾಗಿದ್ದ. ಹಾಗಾದರೆ ಅದು ಒಳಗೆ ಯಾಕಿಳಿಯಿತು ಎಂದು ಯಾರೋ ಕೇಳಿದರು. ನನ್ನನ್ನು ಹೂಳುವುದಕ್ಕೆ ಎಂದ. ಜನ ತಲೆದೂಗಿದರು. ನಮಗೆ ಮೊದಲೇ ಅನುಮಾನವಿತ್ತು ಎಂದು ವ್ಯಾಪಾರಿ ಹೇಳಿದ. ಅತ್ತಿಗೆಯ ತುಟಿ ಒಮ್ಮೆ ಅಲುಗಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬಾವಿ ತೋಡುವವನು ಇನ್ನೂ ಬೋರಲಾಗಿಯೇ ಇದ್ದ, ಅವನ ಕಿವಿ ನೆಲಕ್ಕೆ ತಾಗಿತ್ತು. ಆಗ ಕೆಳಗಿನಿಂದ ಕಲ್ಲಿನ ಮೇಲೆ ಕಲ್ಲು ಬಡಿದ ಸದ್ದು ಬಂತು. ಎರಡು ಬಡಿತ. ಸ್ವಲ್ಪ ತಡೆದು ಮತ್ತೆ ಎರಡು.

ನಿಂತವರಿಗೆ ಕೇಳಿಸುವಷ್ಟು ಜೋರಾಗಿರಲಿಲ್ಲ. ಅವನೊಬ್ಬನಿಗೆ ಕೇಳಿಸಿತು. ಹಾಸುಗಿವಿಯವನು ಬದುಕಿದ್ದ. ಎಲ್ಲೋ ಕೈಯಾಡುವಷ್ಟು ಜಾಗ ಅವನಿಗೆ ಉಳಿದಿತ್ತು. ಮೂವತ್ತು ಜನ ಕೈಹಾಕಿದರೆ ಅಷ್ಟು ಮಣ್ಣು ತೆಗೆಯುವುದು ದೊಡ್ಡ ಮಾತಲ್ಲ. ತೆಗೆದರೆ ಅವನು ಮೇಲೆ ಬರುತ್ತಾನೆ. ಬಂದವನ ಕಿವಿಯಲ್ಲಿ ಮೇಣವಿರುವುದನ್ನು ಎಲ್ಲರೂ ನೋಡುತ್ತಾರೆ.

"ಏನಪ್ಪಾ, ಅಗೆದು ನೋಡೋಣವೇ?" ಎಂದ ಯಜಮಾನ. ಎಷ್ಟಾದರೂ ಹಿರಿಯ, ಕೇಳಬೇಕಾದದ್ದನ್ನು ಕೇಳಿದ.

"ಬೇಡ," ಎಂದ ಬಾವಿ ತೋಡುವವನು. "ಒಳಗೆ ಏನೂ ಉಳಿದಿಲ್ಲ."

ಮತ್ತೆ ಎರಡು ಬಡಿತ. ಕಾಪಾಡು ಎಂದು ಬೇಡುತ್ತಿದೆ ಎಂದುಕೊಂಡು ಅವನು ಕಣ್ಣು ಮುಚ್ಚಿದ. ಇನ್ನೂ ಎರಡು. ಈ ಸಲ ಅವಸರವಿತ್ತು. ಆಗ ಅವನಿಗೆ ಹೊಳೆಯಿತು. ಎರಡು ಬಡಿತಕ್ಕೆ ಕಾಪಾಡು ಎಂಬ ಅರ್ಥ ಎಂದೂ ಇರಲಿಲ್ಲ. ಅದಕ್ಕೆ ಒಂದೇ ಅರ್ಥ. ಕೆಳಗಿರುವವನು ತನಗಾಗಿ ಏನನ್ನೂ ಕೇಳುತ್ತಿರಲಿಲ್ಲ. ಉಸುಕು ಈಗ ಅಂಚಿನ ಅಡಿಯಿಂದಲೂ ಜಾರುತ್ತಿರುವುದು ಅವನ ಬೆನ್ನಿಗೆ ತಾಗಿತ್ತು. ಅಲ್ಲಿಂದ ಎದ್ದು ಬದುಕಿಕೋ ಎನ್ನುತ್ತಿದ್ದ.

ಬಾವಿ ತೋಡುವವನು ಹಾರಿ ಎದ್ದು, "ಹಿಂದಕ್ಕೆ! ಎಲ್ಲರೂ ಹಿಂದಕ್ಕೆ ಓಡಿ!" ಎಂದು ಅರಚಿದ. ಅತ್ತಿಗೆಯ ಕೈ ಹಿಡಿದು ಎಳೆದುಕೊಂಡು ಓಡಿದ. ಮೂವತ್ತು ಜನರೂ ಓಡಿದರು. ಅವರು ನಿಂತಿದ್ದ ನೆಲ ಬಾವಿಯೊಳಗೆ ಕುಸಿಯಿತು. ಬಾವಿ ಅಂಚಿನವರೆಗೆ ತುಂಬಿ ಸಮವಾಯಿತು. ಧೂಳು ಇಳಿದ ಮೇಲೆ ಅವನು ಹೋಗಿ ಅಲ್ಲಿ ಕಿವಿಯಿಟ್ಟು ಕೇಳಿದ. ಏನೂ ಕೇಳಿಸಲಿಲ್ಲ.

ಜನ ಅವನ ಕಾಲಿಗೆ ಬಿದ್ದರು. ರಾಕ್ಷಸನ ಬಾಯಿಂದ ಊರನ್ನು ಉಳಿಸಿದೆ ಎಂದರು. ನೆಲದ ಮಾತು ಬಲ್ಲವನು ಇವನೇ, ಆ ಪ್ರಾಣಿ ಇವನಿಂದ ಕಲಿತದ್ದು ಎಂದರು. ಅವನು ಬೇಡ ಬೇಡ ಎಂದ. ವಿನಯ ನೋಡಿ ಎಂದರು.

ಕತೆ ಬೆಳೆಯುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಎರಡು ವರ್ಷದಲ್ಲಿ ಹಾಸುಗಿವಿಯವನಿಗೆ ಕೋರೆಹಲ್ಲು ಬಂತು. ಐದು ವರ್ಷದಲ್ಲಿ ಅವನು ಬಾವಿಗೊಬ್ಬರಂತೆ ಮನುಷ್ಯರನ್ನು ತಿಂದಿದ್ದ. ಅಣ್ಣನನ್ನು ಹೂತದ್ದೂ ಅವನೇ ಎಂದಾಯಿತು, ಅವನು ಊರಿಗೆ ಬಂದದ್ದು ಅದಾದ ವರ್ಷಕ್ಕೆ ಎಂಬುದನ್ನು ಯಾರೂ ಲೆಕ್ಕವಿಡಲಿಲ್ಲ. ಮಕ್ಕಳು ಹಟ ಮಾಡಿದರೆ ಹಾಸುಗಿವಿಯವನು ಬಂದು ಬಾವಿಗೆಳೆಯುತ್ತಾನೆ ಎಂದು ತಾಯಂದಿರು ಹೆದರಿಸಿದರು. ಅವರು ಹೆದರಿಸುತ್ತಿದ್ದದ್ದು ಅವನು ತೋರಿಸಿದ ನೀರನ್ನೇ ಸೇದುತ್ತ ನಿಂತು. ವರ್ಷಕ್ಕೊಮ್ಮೆ ಹುಲ್ಲಿನ ಗೊಂಬೆ ಕಟ್ಟಿ, ಕಿವಿಗೆ ಎರಡು ಮೊರ ಸಿಕ್ಕಿಸಿ, ಊರಾಚೆ ಸುಡುವ ಪದ್ಧತಿ ಬಂತು. ಮೊದಲ ಕೊಳ್ಳಿ ಇಡುವ ಮರ್ಯಾದೆ ಬಾವಿ ತೋಡುವವನದು. ಮೊದಲ ವರ್ಷ ಅವನ ಕೈ ನಡುಗಿತು. ಎರಡನೆಯ ವರ್ಷವೂ ಒಂದಿಷ್ಟು ನಡುಗಿತು. ಮೂರನೆಯ ವರ್ಷ ನಡುಗಲಿಲ್ಲ.

ಅತ್ತಿಗೆ ಒಂದು ವರ್ಷವೂ ಅದನ್ನು ನೋಡಲು ಬರಲಿಲ್ಲ. ಪಾಪ, ಹೆಂಗಸು, ಅವಳಿಗೆ ಭಯ ಎಂದು ಅವನು ಹೇಳುತ್ತಿದ್ದ. ಅವಳು ಕೊನೆಯವರೆಗೂ ಅವನಿಗೆ ಬಡಿಸಿದಳು. ಅವಳು ಸತ್ತ ದಿನ ಅವನು ತುಂಬ ಅತ್ತ. ಅಳುವಿನ ನಡುವೆ, ಕಡೆಗೂ ಅವಳಿಗೆ ತಿಳಿಯಲಿಲ್ಲ ಎಂಬ ಸಣ್ಣ ನೆಮ್ಮದಿಯೂ ಅವನಿಗಿತ್ತು.

ಗುರು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಈಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಗುರುಗಳೇ, ಅಷ್ಟೆಲ್ಲ ಪಾಪ ಕಟ್ಟಿಕೊಂಡದ್ದು ಅದೊಂದಕ್ಕಾಗಿ. ಅವಳಿಗೆ ತಿಳಿಯಬಾರದು ಎಂದಿದ್ದದ್ದಾದರೂ ನಡೆಯಿತಲ್ಲ," ಎಂದ.

ಗುರು ಹೇಳಿದರು: "ಅಣ್ಣ ಸತ್ತ ರಾತ್ರಿಯಿಂದಲೂ ಅವನು ನಿದ್ದೆಯಲ್ಲಿ ಅದನ್ನೇ ಕನವರಿಸುತ್ತಿದ್ದ, ಅವಳು ಪಕ್ಕದ ಕೋಣೆಯಲ್ಲೇ ಮಲಗುತ್ತಿದ್ದಳು."